ಜ್ಞಾನಗಂಗೋತ್ರಿಯ ನೀರು ನಮ್ಮೂರಿಗೂ ಹರಿಯಲಿ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಆಡಿದ ಮಾತು)



ಹೈಸ್ಕೂಲು ಊರಿಗೇ ಬಂದದ್ದರಿಂದ ನಮ್ಮಂಥವರು ಎಸ್ಸೆಸ್ಸೆಲ್ಸಿ ದಾಟಿದೆವು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಹಿಡಿದದ್ದರ ಬುಡವೂ ಇಲ್ಲೇ ಇದೆ. ಶಾಲೆ ಹತ್ತಿರ ಬಂದರೆ ಏನಾಗುತ್ತದೆ ಎಂದು ತಿಳಿದಿರುವ ನಾವು, ಜಿಲ್ಲೆಗೆ ಬಂದಿರುವ ವಿಶ್ವವಿದ್ಯಾನಿಲಯದ ಬಗ್ಗೆಯೂ ಯೋಚಿಸಬೇಕು.

ದಾವಣಗೆರೆ ವಿಶ್ವವಿದ್ಯಾನಿಲಯ 2009ರಲ್ಲಿ ಆರಂಭವಾಯಿತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿದವು. ಅದಕ್ಕೆ ಮೊದಲು ನಾವು ಕುವೆಂಪು ವಿಶ್ವವಿದ್ಯಾನಿಲಯದವರು. ಅದರ ಕೇಂದ್ರ ದೂರದ ಶಂಕರಘಟ್ಟದಲ್ಲಿ. ಈಗ ಚಿತ್ರದುರ್ಗದ ಹತ್ತಿರ ಗುಡ್ಡದರಂಗವ್ವನಹಳ್ಳಿಯಲ್ಲಿ, ಅಂದರೆ ಜಿ.ಆರ್. ಹಳ್ಳಿಯಲ್ಲಿ, ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿದೆ. ಹೆಸರು ಜ್ಞಾನಗಂಗೋತ್ರಿ.

ಇಂಥ ಕೇಂದ್ರಗಳನ್ನು ಸಣ್ಣವೆಂದು ನೋಡಬಾರದು. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಮಂಗಳೂರಿನಲ್ಲಿ ತೆರೆದ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ದಾವಣಗೆರೆಯದೂ ಮೊದಲು ಒಂದು ಕೇಂದ್ರವೇ.

ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆಗ ನೋಡಲು ನಾವೆಲ್ಲ ಹೋದೆವು. ಆದರೆ ಅಷ್ಟು ವರ್ಷ ತೋಟಕ್ಕೆ ನೀರು ಮುಟ್ಟಿಸಿದ್ದು ನಾಲೆ. ಜ್ಞಾನಗಂಗೋತ್ರಿಗೂ ನಾಲೆ ಬೇಕು.

ಮೊದಲ ನಾಲೆ ಬಸ್ಸು. ಗಣಿತದಲ್ಲಿ ನನಗಿಂತ ಮುಂದಿದ್ದ ಸಹಪಾಠಿಯೊಬ್ಬಳು ಡಿಗ್ರಿಗೇ ನಿಂತಳು. ಅವರಪ್ಪ ನನ್ನನ್ನು ಕೇಳಿದ್ದು ಇಷ್ಟೇ: "ಕಳಿಸೋಕೆ ನಮಗೇನೂ ಬೇಜಾರಿಲ್ಲ. ಕತ್ತಲಾಗೋದ್ರೊಳಗೆ ಮನೆಗೆ ಬರ್ತಾಳೇನಪ್ಪಾ?" 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಸರ್ಕಾರಿ ಬಸ್ಸೇ ಬಾರದ, ಖಾಸಗಿ ಬಸ್ಸನ್ನೇ ನಂಬಿದ ಹಳ್ಳಿಗೆ ಅದರಿಂದೇನು? ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಳ್ಳಿಗಳಿಂದ ಎಷ್ಟು ಮಕ್ಕಳು ಹೋಗಬೇಕು, ಎಷ್ಟು ಗಂಟೆಗೆ ಎಂದು ಪಟ್ಟಿ ಮಾಡಿ ಮನವಿ ಕೊಡೋಣ. ಪಟ್ಟಿ ಮಾಡುವ ಕೆಲಸ ನನ್ನದು.

ಎರಡನೆಯದು, ಅಲ್ಲಿ ಓದುತ್ತಿರುವ ನಮ್ಮ ಸೀಮೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಈ ಶಾಲೆಗೆ ಕರೆಸೋಣ. ಎಂ.ಎ., ಎಂ.ಎಸ್ಸಿ. ಅಂದರೇನು ಎಂದು ಹತ್ತನೇ ತರಗತಿಯವರಿಗೆ ಅಕ್ಕನೊಬ್ಬಳು ಹೇಳಿದರೆ ಮನಸ್ಸಿಗೆ ನಾಟುತ್ತದೆ.

ಮೂರನೆಯದು ವಿಶ್ವವಿದ್ಯಾನಿಲಯವನ್ನು ಕೇಳಬೇಕಾದದ್ದು. ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಹೊಳಲ್ಕೆರೆ, ಹೊಸದುರ್ಗದಲ್ಲಿ ಅಡಿಕೆ, ತೆಂಗು ನೀರಿಗಾಗಿ ಕಾಯುತ್ತವೆ. ನಮ್ಮ ಕೆರೆ, ನಮ್ಮ ಸಂತೆ, ನಮ್ಮ ಶಾಸನಗಳ ಮೇಲೆ ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಲಿ; ಬರೆದದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ರೈತರು ಬೆಳೆಯ ರೋಗ ಕೇಳಲು ಹೋಗುತ್ತಾರಲ್ಲ, ಹಾಗೆ ಜಿ.ಆರ್. ಹಳ್ಳಿಗೂ ಊರಿನವರು ಸಂಕೋಚವಿಲ್ಲದೆ ಹೋಗುವಂತಾಗಬೇಕು.

ಐವತ್ತು ವರ್ಷದ ಹಿಂದೆ ಹಿರಿಯರು ಹೈಸ್ಕೂಲು ಕೇಳಿ ಪಡೆದರು. ಅದರ ಮುಂದಿನ ಮೆಟ್ಟಿಲು ಜಿಲ್ಲೆಯಲ್ಲೇ ಇದೆ. ಅಲ್ಲಿಗೆ ದಾರಿ ಮಾಡುವುದು ನಮ್ಮ ತಲೆಮಾರಿನ ಪಾಲಿನ ಕೆಲಸ. ಎಲ್ಲರೂ ಕೈಜೋಡಿಸಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.