ಬ್ಯಾನರಿಗೊಬ್ಬ ‘ತಮ್ಮ’



ಐಟಿ ಕೆಲಸದವಳು ನಾನು. ಇಂದು ಅಕ್ಷರಗಳ ರೂಪದ ಬಗ್ಗೆ ಎರಡು ಮಾತು. ನಮ್ಮ ಮುಂಬಯಿಯದೇ ಆದ ‘ಏಕ್ ಟೈಪ್’ ಸಂಸ್ಥೆ ‘ಬಾಲೂ’ ಎಂಬ ದಪ್ಪ, ದುಂಡು ಫಾಂಟ್ ರೂಪಿಸಿದೆ. ದೇವನಾಗರಿಗೆ ಬಾಲೂ, ಕನ್ನಡಕ್ಕೆ ‘ಬಾಲೂ ತಮ್ಮ’, ತೆಲುಗಿಗೆ ‘ತಮ್ಮುಡು’, ಮಲಯಾಳಕ್ಕೆ ‘ಚೇಟ್ಟನ್’. ಎಲ್ಲರೂ ಅಣ್ಣತಮ್ಮಂದಿರೇ, ಅಕ್ಕತಂಗಿಯರು ಮಾತ್ರ ಇಲ್ಲ!

ಗೂಗಲ್ ಫಾಂಟ್ಸ್‌ನಲ್ಲಿ ಇದು ಉಚಿತ. ‘ಬಾಲೂ ತಮ್ಮ 2’ ಐದು ದಪ್ಪಗಳಲ್ಲಿ ಸಿಗುತ್ತದೆ. ಮೊನಚಿಲ್ಲದ ಈ ಅಕ್ಷರ ಬ್ಯಾನರಿಗೆ, ಶೀರ್ಷಿಕೆಗೆ ಹೇಳಿ ಮಾಡಿಸಿದ್ದು. ಸಣ್ಣ ಅಕ್ಷರದ ಲೇಖನಕ್ಕೆ ಬೇಡ. ಅತಿ ದಪ್ಪದಲ್ಲಿ ‘ಸ್ತ್ರೀ’ಯಂಥ ಒತ್ತಕ್ಷರಗಳು ಇಕ್ಕಟ್ಟಾಗುತ್ತವೆ.

ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬೀಳುವುದು ಅಪರೂಪ. ವಾಶಿಯ ಬ್ಯಾನರಿನಲ್ಲಿ ಮರಾಠಿ ದಷ್ಟಪುಷ್ಟವಾಗಿ, ಕನ್ನಡ ಸಣಕಲಾಗಿ ಇದ್ದರೆ ಮಗು ಏನೆಂದುಕೊಂಡೀತು? ಒಂದೇ ಕುಟುಂಬದ ಫಾಂಟ್ ಬಳಸಿದರೆ ಎರಡೂ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ.

ಮುಂದಿನ ಕಾರ್ಯಕ್ರಮದ ಬ್ಯಾನರ್ ಹೀಗೆ ಮಾಡಿಸೋಣ. ಅದನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸೋಣ.