‘ಬಾಯ್‌ಕಾಟ್’ ಎಂಬ ಪದವೂ ನಮ್ಮೂರ ಬಹಿಷ್ಕಾರವೂ

(ಶ್ರೀಮಠದ ಮಾಸಿಕ ಶಿವಾನುಭವಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾನು ಪಂಡಿತನಲ್ಲ, ಸರ್ಕಾರದಲ್ಲಿ ಕುಡಿಯುವ ನೀರಿನ ಕೆಲಸ ಮಾಡಿ ನಿವೃತ್ತನಾದ ಇಂಜಿನಿಯರ್. ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ. ಅದು ‘ಬಾಯ್‌ಕಾಟ್’. ಹುಡುಗರು ಕಾಲೇಜು ಬಾಯ್‌ಕಾಟ್ ಮಾಡುತ್ತಾರೆ. ರಸ್ತೆಯಾಗಲಿಲ್ಲವೆಂದು ಊರವರು ಮತದಾನ ಬಾಯ್‌ಕಾಟ್ ಮಾಡುತ್ತಾರೆ. ಆದರೆ ಇದು ಒಬ್ಬ ಮನುಷ್ಯನ ಹೆಸರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಭೂಮಿಯಿತ್ತು. ಅಲ್ಲಿ ಗೇಣಿ ವಸೂಲಿ ಮಾಡುವ ಏಜೆಂಟ್ ಕ್ಯಾಪ್ಟನ್ ಚಾರ್ಲ್ಸ್ ಬಾಯ್‌ಕಾಟ್. ಬೆಳೆ ಕೆಟ್ಟು ಕಂಗಾಲಾಗಿದ್ದ ರೈತರು ಗೇಣಿ ಇಳಿಸಿ ಎಂದು ಕೇಳಿದರು. ಅವರು ಕೇಳಿದಷ್ಟು ಇಳಿಸದೆ 1880ರ ಸೆಪ್ಟೆಂಬರಿನಲ್ಲಿ ಒಕ್ಕಲೆಬ್ಬಿಸುವ ನೋಟಿಸು ಹೊರಟಿತು. ಅದೇ ತಿಂಗಳು ರೈತ ನಾಯಕ ಪಾರ್ನೆಲ್ ಎನ್ನಿಸ್ ಊರಿನ ಸಭೆಯಲ್ಲಿ ಒಂದು ದಾರಿ ತೋರಿಸಿದ್ದ: ಒಕ್ಕಲೆಬ್ಬಿಸಿದವನ ಹೊಲವನ್ನು ಹಿಡಿದವನಿಗೆ ಹೊಡೆಯಬೇಡಿ, ರಸ್ತೆಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಅವನನ್ನು ದೂರವಿಡಿ.

ಮೇಯೋ ರೈತರು ಅದನ್ನೇ ಏಜೆಂಟನ ಮೇಲೆ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟರು. ಕಮ್ಮಾರ ಬರಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಅವನ ಬೆಳೆ ಕಟಾವಿಗೆ ಐರ್ಲೆಂಡಿನ ಉತ್ತರ ಭಾಗದಿಂದ 50 ಜನ ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು. ಸುಮಾರು 500 ಪೌಂಡಿನ ಬೆಳೆಗೆ 10,000 ಪೌಂಡ್ ಖರ್ಚಾಯಿತೆಂದು ಅಂದಾಜು. ಡಿಸೆಂಬರ್ ಹೊತ್ತಿಗೆ ಆತ ಐರ್ಲೆಂಡ್ ಬಿಟ್ಟ.

ಹೆಸರು ಪದವಾದದ್ದು ಹೇಗೆ? ಇದಕ್ಕೆ ‘ಆಸ್ಟ್ರಸಿಸಂ’ ಎಂಬ ಗ್ರೀಕ್ ಮೂಲದ ಪದ ಮೊದಲೇ ಇತ್ತು. ಆದರೆ ಈ ದೊಡ್ಡ ಪದ ರೈತರಿಗೆ ಅರ್ಥವಾಗುವುದಿಲ್ಲ ಎಂದು ಅಲ್ಲಿನ ಪಾದ್ರಿ ಜಾನ್ ಒಮ್ಯಾಲಿ ‘ಬಾಯ್‌ಕಾಟ್’ ಎನ್ನೋಣ ಎಂದನಂತೆ. ಜನರ ಬಾಯಿಗೆ ಸಲ್ಲುವ ಮಾತೇ ಬೇಕೆಂಬುದನ್ನು ನಮ್ಮ ಶರಣರೂ ಬಲ್ಲವರಾಗಿದ್ದರು. ಕೆಲವೇ ವಾರಗಳಲ್ಲಿ ಪದ ಲಂಡನ್ನಿನ ಪತ್ರಿಕೆಗಳನ್ನು ಸೇರಿತು. ಬಂಗಾಳ ವಿಭಜನೆಯ ವಿರುದ್ಧ 1905ರಲ್ಲಿ ವಿದೇಶಿ ಬಟ್ಟೆ ಬಿಟ್ಟಾಗ ನಮ್ಮವರೂ ಇದೇ ಪದ ಹಿಡಿದರು.

ಕನ್ನಡದಲ್ಲಿ ಇದಕ್ಕೆ ನಾವು ‘ಬಹಿಷ್ಕಾರ’ ಎನ್ನುತ್ತೇವೆ. ತೊಡಕು ಇರುವುದು ಇಲ್ಲಿಯೇ. ಸುಮಾರು ಮೂವತ್ತು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಪೈಪ್‌ಲೈನ್ ಹಾಕಿಸುತ್ತಿದ್ದೆ. ದಲಿತರ ಕೇರಿಯ ಹುಡುಗನೊಬ್ಬ ಹೋಟೆಲಿನ ಒಳಗೆ ಕುಳಿತು ಚಹಾ ಕೇಳಿದ. ಸಂಜೆಗೆ ಡಂಗುರ: ಕೇರಿಯವರನ್ನು ಕೂಲಿಗೆ ಕರೆಯಬಾರದು, ಕಿರಾಣಿ ಕೊಡಬಾರದು, ಗಿರಣಿಯಲ್ಲಿ ಹಿಟ್ಟು ಬೀಸಬಾರದು, ತಪ್ಪಿದರೆ ದಂಡ. ಡಂಗುರ ಸಾರಿಸಿದ ಹಿರಿಯರಲ್ಲಿ ಕೆಲವರ ಕೊರಳಲ್ಲಿ, ನನ್ನ ಕೊರಳಲ್ಲಿ ಇರುವಂತೆಯೇ, ಇಷ್ಟಲಿಂಗವಿತ್ತು. ನನ್ನ ಊಟವೂ ಅವರ ಮನೆಯಲ್ಲೇ. ಮರುದಿನ ಒಬ್ಬ ತಾಯಿ ಜೋಳದ ಗಂಟು ಹೊತ್ತು ಪಕ್ಕದೂರಿನ ಗಿರಣಿಗೆ ನಡೆದು ಹೋಗುವುದನ್ನು ಜೀಪಿನಲ್ಲಿ ಕುಳಿತು ನೋಡಿದೆ. ಬಾಯಿ ಬಿಡಲಿಲ್ಲ. ಸರ್ಕಾರಿ ಕೆಲಸ ನಿಲ್ಲಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನೀರು ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯುತ್ತದೆ. ಕೆಳಗಿನಿಂದ ಮೇಲೆತ್ತಲು ಶಕ್ತಿ ಬೇಕು. ಬಹಿಷ್ಕಾರವೂ ಹಾಗೆಯೇ. ಮೇಯೋ ರೈತರು ಹೊಟ್ಟೆ ಕಟ್ಟಿ, ಒಗ್ಗಟ್ಟಿನಿಂದ, ತಮಗಿಂತ ಬಲವಾದವನ ಕೃತ್ಯವನ್ನು ಎದುರಿಸಿದರು. ನಮ್ಮೂರಿನವರು ಹುಟ್ಟನ್ನು ಹಿಡಿದು ಕೂಳಿಲ್ಲದವರ ಕೂಳು ಕಸಿದರು. ಎರಡಕ್ಕೂ ಒಂದೇ ಪದವಿದ್ದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ. ಬಾಬಾಸಾಹೇಬ ಅಂಬೇಡ್ಕರರು 1927ರಲ್ಲಿ ತಮ್ಮ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಎಂದು ಹೆಸರಿಟ್ಟದ್ದು ಏಕೆಂದು ನನಗೆ ಅರ್ಥವಾದದ್ದು ಆ ಜೋಳದ ಗಂಟು ನೆನಪಾದಾಗ.

ದಲಿತರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಸ್ಪಷ್ಟವಾಗಿ ಅಪರಾಧವೆಂದಿದೆ. ಆದರೆ ನಾವು ಕಾನೂನಿಗಾಗಿ ಕಾಯಬೇಕಾದವರೇ? ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿದ್ದಕ್ಕೆ ಇಬ್ಬರೂ ಎಳೆಹೂಟೆಗೆ ಗುರಿಯಾದರು ಎಂದು ಪ್ರತಿವರ್ಷ ಸ್ಮರಿಸುವ ಸಮಾಜ ನಮ್ಮದು. ಅವರ ಹೆಸರು ಹೇಳಿ, ಕೇರಿಗೆ ಗಿರಣಿ ಮುಚ್ಚಿದರೆ ನಾವು ನಿಂತದ್ದು ಶರಣರ ಕಡೆಯಲ್ಲ, ಬಿಜ್ಜಳನ ಕಡೆ.

ನನ್ನ ಬಿನ್ನಹ ಇಷ್ಟೆ. ನಿಮ್ಮೂರಲ್ಲಿ ಅಂಥ ಡಂಗುರ ಕೇಳಿದರೆ, ಆ ದಿನ ಕೇರಿಯವರ ಜೋಳ ನಿಮ್ಮ ಗಾಡಿಯಲ್ಲಿ ಗಿರಣಿಗೆ ಹೋಗಲಿ. ದಂಡ ಹಾಕಿದರೆ ಹಾಕಲಿ. ಅವತ್ತು ನಾನು ಜೀಪಿನ ಬಾಗಿಲು ತೆರೆಯಲಿಲ್ಲ. ನೀವು ತೆರೆಯಿರಿ.