400 ಸಂಖ್ಯೆಯ ಬೆಕ್ಕು



ಜಪಾನಿನ ಮಿನಾಮಾಟಾದಲ್ಲಿ ಚಿಸ್ಸೋ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಗೆ ಡಾ. ಹಾಜಿಮೆ ಹೊಸೊಕಾವಾ ಮುಖ್ಯಸ್ಥರಾಗಿದ್ದರು. ಕಡಲಂಚಿನ ಮಕ್ಕಳಲ್ಲಿ ಕೈಕಾಲುಗಳು ಸ್ವಾಧೀನ ತಪ್ಪುವ ಅಜ್ಞಾತ ರೋಗ ಕಂಡಾಗ, 1956ರ ಮೇ 1ರಂದು ಆರೋಗ್ಯ ಕೇಂದ್ರಕ್ಕೆ ವರದಿ ಹೋದದ್ದು ಅವರ ಆಸ್ಪತ್ರೆಯಿಂದಲೇ.

ಕೊಲ್ಲಿಯ ಮೀನು ತಿಂದ ಬೆಕ್ಕುಗಳೂ ಹುಚ್ಚೆದ್ದು ಸಾಯುತ್ತಿದ್ದವು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸವೇ ಕಾರಣವೆಂದು ಸೂಚಿಸಿತು. ಅದೇ ವರ್ಷ ಹೊಸೊಕಾವಾ ಅಸಿಟಾಲ್ಡಿಹೈಡ್ ಘಟಕದ ತ್ಯಾಜ್ಯಜಲವನ್ನು ಆಹಾರದಲ್ಲಿ ಬೆರೆಸಿ ಬೆಕ್ಕಿಗೆ ಉಣಿಸಿದರು. 400 ಸಂಖ್ಯೆಯ ಆ ಬೆಕ್ಕಿನಲ್ಲಿ ಅವೇ ಲಕ್ಷಣಗಳು ಕಾಣಿಸಿಕೊಂಡವು. ಕಂಪನಿ ಪ್ರಯೋಗಕ್ಕೆ ತಡೆಯೊಡ್ಡಿತು. ಫಲಿತಾಂಶ ಗುಟ್ಟಾಗಿಯೇ ಉಳಿಯಿತು.

ವಿಶಾಲ ಸಮುದ್ರ ವಿಷವನ್ನು ಕರಗಿಸಿಬಿಡುತ್ತದೆಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಮಿಥೈಲ್ ಪಾದರಸ ಪ್ಲವಕದಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಸಾಂದ್ರಗೊಳ್ಳುತ್ತ ಏರಿ, ಗರ್ಭಸ್ಥ ಶಿಶುವನ್ನೂ ಮುಟ್ಟುತ್ತದೆ.

1965ರಲ್ಲಿ ನಿಗಾಟಾದಲ್ಲಿ, ಮತ್ತೊಂದು ಕಂಪನಿಯ ಅದೇ ಬಗೆಯ ಘಟಕದಿಂದ, ಅದೇ ರೋಗ ಮರುಕಳಿಸಿತು. ಚಿಸ್ಸೋ ಆ ಉತ್ಪಾದನೆಯನ್ನು ನಿಲ್ಲಿಸಿದ್ದು 1968ರಲ್ಲಿ. 1970ರಲ್ಲಿ ಹೊಸೊಕಾವಾ ರೋಗಶಯ್ಯೆಯಿಂದಲೇ ನ್ಯಾಯಾಲಯಕ್ಕೆ ಸಾಕ್ಷ್ಯ ನುಡಿದು, ಅದೇ ವರ್ಷ ತೀರಿಕೊಂಡರು. 1973ರ ತೀರ್ಪು ರೋಗಿಗಳ ಪರವಾಯಿತು.

ನಾನು ಕೃಷಿ ವಿಜ್ಞಾನಿ. ಕಬ್ಬಿನ ಬಿತ್ತನೆ ತುಂಡುಗಳನ್ನು ಪಾದರಸದ ಶಿಲೀಂಧ್ರನಾಶಕದಲ್ಲಿ ಅದ್ದುವ ಪದ್ಧತಿ ನಮ್ಮಲ್ಲೂ ಇತ್ತು; ಆ ಔಷಧವನ್ನು ಭಾರತ ನಿಷೇಧಿಸಿದ್ದು 2018ರಲ್ಲಿ. ಹಾಗಾಗಿ ಹೊಸೊಕಾವಾರನ್ನು ದೂಷಿಸುವ ಅರ್ಹತೆ ನನಗಿಲ್ಲ. ಆದರೆ ಪ್ರಯೋಗಾಲಯದ ದಾಖಲೆ ಸಂಬಳ ಕೊಟ್ಟವರದೋ, ಆ ನೀರು ಕುಡಿಯುವವರದೋ ಎಂಬ ಪ್ರಶ್ನೆಯನ್ನು ನನ್ನಂಥವರು ಕೇಳಿಕೊಳ್ಳಲೇಬೇಕು. ನಮ್ಮ ಶರಾವತಿ, ಅಘನಾಶಿನಿಗಳು ಸೇರುವುದೂ ಕಡಲನ್ನೇ.